ಸೂತಕದ ಮನೆಗೆ ಏನನ್ನು ಒಯ್ಯಬೇಕು?

ಮದುವೆಯ ಮನೆಗೆ ಏನು ಕೊಡಬೇಕೆಂಬುದರಲ್ಲಿ ನಮಗೆ ಗೊಂದಲವಿಲ್ಲ. ಮುಯ್ಯಿಯ ಲೆಕ್ಕ ಪುಸ್ತಕದಲ್ಲಿರುತ್ತದೆ. ಅವರು ಕೊಟ್ಟಷ್ಟನ್ನೋ ಅದಕ್ಕಿಂತ ತುಸು ಹೆಚ್ಚನ್ನೋ ಕೊಟ್ಟು ಬರುತ್ತೇವೆ. ಸೂತಕದ ಮನೆಯ ಹೊಸ್ತಿಲಲ್ಲಿ ಮಾತ್ರ ಕೈ ತಡವರಿಸುತ್ತದೆ. ಬರಿಗೈಯಲ್ಲಿ ಹೋಗಲು ಮನಸ್ಸೊಪ್ಪದು. ಒಯ್ದದ್ದು ಸರಿಯೇ ಎಂಬ ಅಳುಕೂ ಬಿಡದು.

ಹಲವು ವರ್ಷಗಳ ಹಿಂದೆ ನಮ್ಮ ಸಹೋದ್ಯೋಗಿಯೊಬ್ಬರು ತೀರಿಕೊಂಡಾಗ ನಾವು ಬೆಲೆಬಾಳುವ ಶಾಲನ್ನೂ ಹಣ್ಣಿನ ಬುಟ್ಟಿಯನ್ನೂ ಒಯ್ದಿದ್ದೆವು. ಅವರ ಪತ್ನಿ ಕಣ್ಣೊರೆಸಿಕೊಂಡು ಎದ್ದು ನಮಗೆ ಚಹಾ ಮಾಡಿದರು. ಹೊರಡುವಾಗ, “ನಿಮ್ಮ ಮಗಳ ಮದುವೆಯಲ್ಲಿ ಇದನ್ನು ತೀರಿಸುತ್ತೇವೆ” ಎಂದರು. ಅದೇ ಹೊತ್ತಿಗೆ ನೆರೆಮನೆಯಾಕೆ ಹಿತ್ತಿಲಿನಿಂದ ಬಂದು, ನೀರು ತುಂಬಿಸಿ, ಮಕ್ಕಳಿಗೆ ಗಂಜಿ ಬಡಿಸಿ, ಪಾತ್ರೆ ತೊಳೆದಿಟ್ಟು ಹೊರಟುಹೋದರು. ಆಕೆ ಕೊಟ್ಟದ್ದನ್ನು ಯಾರೂ ಬರೆದಿಡಲಿಲ್ಲ.

ಮುಯ್ಯಿ ಕೆಟ್ಟದ್ದೆಂದು ನಾವು ಹೇಳುವುದಿಲ್ಲ. ಹಳ್ಳಿಯ ಬಾಳು ನಿಂತಿರುವುದೇ ಕೊಡು-ಕೊಳುವಿಕೆಯ ಮೇಲೆ. ಆದರೆ ಮದುವೆಯ ಮನೆಯಲ್ಲಿ ಲೆಕ್ಕವೊಂದು ತೆರೆಯುತ್ತದೆ. ಸಾವಿನ ಮನೆಯಲ್ಲಿ ಲೆಕ್ಕ ಮುಗಿಯಬೇಕು. ನಮ್ಮ ಬೆಟ್ಟದ ಬಡಗರಲ್ಲಿ ‘ಕರು ಹರಚೋದು’ ಎಂಬ ವಿಧಿಯುಂಟು. ಮೃತರು ಮಾಡಿರಬಹುದಾದ ತಪ್ಪುಗಳನ್ನು ಹಿರಿಯರೊಬ್ಬರು ಒಂದೊಂದಾಗಿ ಹೇಳಿ, ಪಾಪಗಳು 1300 ಆದರೂ ಕಳೆಯಲೆಂದು ಬೇಡುತ್ತಾರೆ; ನೆರೆದವರು ದನಿಗೂಡಿಸುತ್ತಾರೆ. ಊರು ಆ ಮನೆಗೆ ಕೊಡುವ ಕಾಣಿಕೆ ಕ್ಷಮೆ. ಅದನ್ನು ಹಿಂದಿರುಗಿಸುವ ಹಂಗಿಲ್ಲ.

ಪ್ರತ್ಯುಪಕಾರ ಬಯಸದೆ, ದೇಶ, ಕಾಲ, ಪಾತ್ರಗಳನ್ನರಿತು ಕೊಡುವುದೇ ಸಾತ್ತ್ವಿಕ ದಾನವೆಂದು ಗೀತೆಯ ಹದಿನೇಳನೆಯ ಅಧ್ಯಾಯ ಹೇಳುತ್ತದೆ. ಇದನ್ನು ನಮ್ಮ ಊರಿಗೆ ಅನ್ವಯಿಸಿ ನೋಡೋಣ. ಬಂಡೀಪುರದ ಕಾಡುದಾರಿಯಲ್ಲಿ ರಾತ್ರಿ 9ರಿಂದ ಬೆಳಗಿನ 6ರವರೆಗೆ ವಾಹನ ಸಂಚಾರಕ್ಕೆ 2009ರಿಂದ ನಿರ್ಬಂಧವಿದೆ. ಗುಂಡ್ಲುಪೇಟೆ, ಮೈಸೂರುಗಳಿಂದ ಗೂಡಲೂರಿಗೆ ಮಣ್ಣಿಗೆ ಬಂದವರು ಹೊತ್ತು ಮೀರಿದರೆ ಇಲ್ಲಿಯೇ ಉಳಿಯಬೇಕು. ಅಂತಹ ನಾಲ್ವರಿಗೆ ನಮ್ಮ ಮನೆಯಲ್ಲಿ ಹಾಸಿಗೆ, ಕಂಬಳಿ, ಬಿಸಿನೀರು ಒದಗಿಸಿದರೆ ದುಃಖದ ಮನೆಯ ಹೊರೆ ಅಷ್ಟು ಇಳಿಯುತ್ತದೆ. ಉದಕಮಂಡಲದ ಚಳಿಯಲ್ಲಿ ಒಂದು ಹೊರೆ ಸೌದೆ ಹೂವಿನ ಹಾರಕ್ಕಿಂತ ಮೇಲು.

ಇನ್ನೊಂದು ಮಾತನ್ನು ಸಂಕೋಚದಿಂದಲೇ ಹೇಳುತ್ತೇವೆ. ಆ ತಾಯಿ ನುಡಿದಂತೆ ನಡೆದರು. ನಮ್ಮ ಮಗಳ ಮದುವೆಗೆ ರೇಷ್ಮೆ ಸೀರೆ ತಂದರು. ಅವರಿಗೆ ಕುಟುಂಬ ಪಿಂಚಣಿ ಇನ್ನೂ ಆರಂಭವಾಗಿಲ್ಲವೆಂದು ಅಂದು ತಿಳಿಯಿತು. ಅರ್ಜಿ ತಮಿಳಿನಲ್ಲಿತ್ತು; ಅವರಿಗೆ ಕನ್ನಡವಷ್ಟೇ ಓದಲು ಬರುತ್ತಿತ್ತು. ಜೀವಮಾನವೆಲ್ಲ ಅಕ್ಷರ ಕಲಿಸಿದ ನಾವು ಆ ಮನೆಗೆ ಶಾಲು ಒಯ್ದೆವೇ ಹೊರತು, ಅಕ್ಷರವನ್ನು ಒಯ್ಯಲಿಲ್ಲ. ಮರುದಿನವೇ ಅವರ ಮನೆಗೆ ಹೋಗಿ ಅರ್ಜಿ ತುಂಬಿದೆವು. ಅದು ಒಂದು ಗಂಟೆಯ ಕೆಲಸವಾಗಿತ್ತು.

ಮರಣವನ್ನು 21 ದಿನಗಳೊಳಗೆ ನೋಂದಾಯಿಸಬೇಕು. ಬ್ಯಾಂಕು, ಪಿಂಚಣಿ, ಪಡಿತರ ಚೀಟಿ ಎಲ್ಲಕ್ಕೂ ಆ ಪ್ರಮಾಣಪತ್ರ ಬೇಕಾಗುತ್ತದೆ. ಆ ದಿನಗಳಲ್ಲಿ ಮನೆಯವರ ಕಣ್ಣಿಗೆ ಅಕ್ಷರಗಳು ಕಾಣುವುದಿಲ್ಲ. ತಮಿಳು ಬಲ್ಲ ನಮ್ಮ ಸಂಘದ ತರುಣರು ಒಂದು ಪೆನ್ನು ಹಿಡಿದು ಹೋಗಿ ಕುಳಿತರೆ ಸಾಕು. ಚಹಾ ಕುಡಿಯದೆ ಎದ್ದು ಬಂದರೆ ಇನ್ನೂ ಒಳ್ಳೆಯದು.