ಹೂವು ಸುಮ್ಮನೆ ಕೊಡುವುದೇ?

ಮರಗಿಡಗಳ ಪರೋಪಕಾರವನ್ನು ಹೊಗಳುವ ಸುಭಾಷಿತವನ್ನು ನಾನೂ ಶಾಲೆಯಲ್ಲಿ ಕಲಿತೆ, ಮಕ್ಕಳಿಗೂ ಕಲಿಸಿದೆ. ಏನನ್ನೂ ಬಯಸದೆ ಕೊಡುವುದೇ ದೊಡ್ಡ ಗುಣವೆಂಬುದು ಅದರ ತಾತ್ಪರ್ಯ. ಈ ಪಾಠ ಹೆಚ್ಚಾಗಿ ಹೆಣ್ಣುಮಕ್ಕಳ ಪಾಲಿಗೇ ಬರುತ್ತದೆ. ಹೂವಿನಂತಿರು ಎನ್ನುತ್ತೇವೆ. ಹೂವು ನಿಜವಾಗಿ ಹೇಗಿದೆ?

ನಮ್ಮ ಶ್ರೀನಿವಾಸಪುರದ ಮಾವಿನ ತೋಪುಗಳನ್ನೇ ನೋಡಿ. ಸಂಕ್ರಾಂತಿಯ ಆಸುಪಾಸಿನಲ್ಲಿ ಮರವೆಲ್ಲ ಹೂವು. ಒಂದು ಗೊಂಚಲಿನಲ್ಲಿ ನೂರಾರು, ಕೆಲವೊಮ್ಮೆ ಸಾವಿರಕ್ಕೂ ಹೆಚ್ಚು. ಕಾಯಾಗಿ ನಿಲ್ಲುವುದು ಬೆರಳೆಣಿಕೆಯಷ್ಟು. ಹೂವು ತೀರ ಚಿಕ್ಕದು, ಮಕರಂದ ಆಳದಲ್ಲಿಲ್ಲ, ಮೇಲೆಯೇ ಇದೆ. ಹಾಗಾಗಿ ಉದ್ದ ನಾಲಗೆಯಿಲ್ಲದ ನೊಣಕ್ಕೂ ಅದು ದಕ್ಕುತ್ತದೆ. ನಾವು ಸೆರಗಿನಿಂದ ಓಡಿಸುವ ನೊಣವೇ ಅಲ್ಲಿ ಮುಖ್ಯ ಅತಿಥಿ. ಜೊತೆಗೆ ಸಣ್ಣ ಜೇನುಗಳು. ಅವುಗಳ ಮೈಗಂಟಿದ ಪರಾಗ ಇನ್ನೊಂದು ಹೂವಿಗೆ ತಲುಪುತ್ತದೆ. ಹೀರೆಬಳ್ಳಿ ಸಂಜೆ ಅರಳಿ ಪತಂಗಗಳನ್ನು ಕರೆಯುತ್ತದೆ. ಕೋಲಾರದ ಹೊಲಗಳ ಟೊಮೆಟೊ ಹೂವಿನಲ್ಲಿ ಮಕರಂದವೇ ಇಲ್ಲ. ಮೈ ನಡುಗಿಸಿ ಝೇಂಕರಿಸುವ ದುಂಬಿಗೆ ಅದು ಪರಾಗ ಉದುರಿಸುತ್ತದೆ.

ಇದನ್ನು ಹೇಳಿದಾಗ ಒಬ್ಬ ಹುಡುಗಿ ಕೇಳಿದಳು: "ಹಾಗಾದ್ರೆ ಮಿಸ್, ಹೂವೂ ವ್ಯಾಪಾರಾನೇ ಮಾಡೋದಾ?"

ಹೂವಿಗೆ ಲೆಕ್ಕ ತಿಳಿಯದು. ಕೀಟಗಳನ್ನು ಚೆನ್ನಾಗಿ ಸೆಳೆದ ಗಿಡ ಹೆಚ್ಚು ಬೀಜ ಬಿಟ್ಟಿತು, ಅದರ ಸಂತತಿ ಉಳಿಯಿತು, ಅಷ್ಟೆ. ತ್ಯಾಗವೆಂದೋ ಸ್ವಾರ್ಥವೆಂದೋ ಹೆಸರಿಡುವವರು ನಾವು. ಮೋಸ ಮಾಡುವ ಹೂಗಳೂ ಇವೆ. ಯೂರೋಪಿನ ಕೆಲವು ಆರ್ಕಿಡ್‌ಗಳು ಹೆಣ್ಣು ಜೇನಿನ ರೂಪ, ವಾಸನೆ ತಾಳಿ ಗಂಡುಜೇನನ್ನು ಕರೆದು, ಏನೂ ಕೊಡದೆ ಕಳಿಸುತ್ತವೆ. ಆದ್ದರಿಂದ ಪ್ರಕೃತಿಯಲ್ಲಿ ಕಂಡದ್ದೆಲ್ಲ ನೀತಿಯಲ್ಲ. ಯಾವುದನ್ನು ಮಾದರಿಯಾಗಿ ಆರಿಸಿಕೊಳ್ಳಬೇಕೆಂಬುದು ನಮಗೆ ಬಿಟ್ಟದ್ದು.

ನಾನು ಮಾವಿನ ಹೂವನ್ನು ಆರಿಸಿಕೊಳ್ಳುತ್ತೇನೆ. ಅದು ಕರೆದವರಿಗೆ ಕೊಡುತ್ತದೆ, ಬಂದವರಿಂದ ಪಡೆಯುತ್ತದೆ. ಇದರಲ್ಲಿ ಕೀಳೇನಿದೆ? ಪಡೆದದ್ದರಿಂದ ಅದರ ಕೊಡುಗೆ ಕಡಿಮೆಯಾಗಲಿಲ್ಲ. ತುಂಬು ಹೂವಿನ ಕಾಲದಲ್ಲಿ ಮರಕ್ಕೆ ಕೀಟನಾಶಕ ಹೊಡೆದರೆ ಉಪಕಾರಿ ನೊಣ, ಜೇನುಗಳೂ ಸಾಯುತ್ತವೆ, ಫಸಲಿಗೇ ಪೆಟ್ಟು. ಒಬ್ಬರು ಉಳಿದರೆ ತಾನೆ ಇನ್ನೊಬ್ಬರು?

ಮನೆಯೂ ಹಾಗೆಯೇ ಅಲ್ಲವೇ? ಎಲ್ಲರಿಗೂ ಬಡಿಸಿ ತಳದ ಸಾರು ಉಣ್ಣುವವಳನ್ನು ತ್ಯಾಗಮಯಿ ಎಂದು ಹೊಗಳುವುದು ಸುಲಭ. ಅವಳಿಗೂ ಬಿಸಿ ಊಟ, ಒಂದು ಗಳಿಗೆಯ ವಿಶ್ರಾಂತಿ, ಒಂದು ಒಳ್ಳೆಯ ಮಾತು ಸಲ್ಲಬೇಕು. ಅದನ್ನು ಬಾಯಿಬಿಟ್ಟು ಕೇಳಿದರೆ ಸ್ವಾರ್ಥವಲ್ಲ. ಇನ್ನು ಮುಂದೆ ಹೆಣ್ಣುಮಕ್ಕಳಿಗೆ ಹೂವಿನಂತಿರು ಎನ್ನುವಾಗ ಈ ಅರ್ಥವನ್ನೂ ಸೇರಿಸಿ ಹೇಳೋಣ.