ಮೈ ಒಣಗಿಸುವುದು ಭಕ್ತಿಯೇ?

ಬಾಶೆಟ್ಟಿಹಳ್ಳಿಯ ಕಾರ್ಖಾನೆಯಲ್ಲಿ ನನ್ನ ಪಕ್ಕ ಕೆಲಸ ಮಾಡುವ ಅಕ್ಕ ಹರಕೆಯೂ ಆಯಿತು, ತೂಕವೂ ಇಳಿಯಿತು ಅಂತ ಸೋಮವಾರದ ಜೊತೆ ಏಕಾದಶಿಗೂ ಉಪವಾಸ ಹಿಡಿದಿದ್ದಾರೆ. “ಮೊದಲು ಸಣ್ಣಗಾಗ್ತೀನಿ ಕಣಮ್ಮ, ಆಮೇಲೆ ಕಸರತ್ತು” ಅನ್ನುತ್ತಾರೆ. ನನಗೆ ಒಪ್ಪಿಗೆಯಿಲ್ಲ. ಬರೀ ಹೊಟ್ಟೆ ಕಟ್ಟಿದರೆ ಕೊಬ್ಬಿನ ಜೊತೆ ಮಾಂಸಖಂಡವೂ ಕರಗುತ್ತದೆ; ಅದನ್ನು ಉಳಿಸಿಕೊಳ್ಳಲು ಬೇಳೆಕಾಳೂ ಬೇಕು, ಬಲದ ವ್ಯಾಯಾಮವೂ ಬೇಕು. ಕುರ್ಚಿಯಿಂದ ಎದ್ದು ಕೂರುವುದು, ಗೋಡೆಗೆ ಕೈಯೂರಿ ದಂಡ ಹೊಡೆಯುವುದು, ವಾರಕ್ಕೆ 2 ದಿನ, ಮೊದಲ ವಾರದಿಂದಲೇ.

ಭಕ್ತಿಯೂ ಮೈ ಒಣಗಿಸು ಅನ್ನುವುದಿಲ್ಲ. 12ನೇ ಶತಮಾನದ ಶರಣರು ದೇಹವನ್ನೇ ಗುಡಿಯಾಗಿ ಕಂಡರು. ಅತಿಯಾಗಿ ಉಣ್ಣುವವನಿಗೂ ಉಣ್ಣದೇ ಇರುವವನಿಗೂ ಯೋಗ ಒಲಿಯದೆಂದು ಗೀತೆಯ 6ನೇ ಅಧ್ಯಾಯ ಹೇಳುತ್ತದೆ. ಗರಡಿಮನೆಯಲ್ಲಂತೂ ಹನುಮನಿಗೆ ಕೈಮುಗಿದೇ ಸಾಮು ಶುರು. ಅಲ್ಲಿ ಬಲವೇ ಪೂಜೆ. ಉಪವಾಸ ಬಿಡಿ ಅಂತ ಅಕ್ಕನಿಗೆ ಹೇಳುವುದಿಲ್ಲ, ಅದು ಅವರ ಹರಕೆ. ದ್ವಾದಶಿಯ ಪಾರಣೆಗೆ ಹೆಸರುಕಾಳು, ಅಂದೇ ಸಂಜೆ ದಂಡ ಅಂತ ಒಪ್ಪಿಸಬೇಕೆಂದಿದ್ದೇನೆ.