ಆಟಕ್ಕುಂಟು, ಲೆಕ್ಕಕ್ಕಿಲ್ಲ

ಹಳ್ಳಿಯ ಬೀದಿಯಲ್ಲಿ ಮಕ್ಕಳು ಆಡುತ್ತಿರುವಾಗ ಗುಂಪಿನಲ್ಲಿ ತೀರ ಎಳೆಯದೊಂದು ಮಗುವಿದ್ದರೆ ಅದನ್ನು ಯಾರೂ ಹೊರಗಿಡುವುದಿಲ್ಲ. ಅದು ಸಿಕ್ಕಿಬಿದ್ದರೂ ಸೋಲೆಂದು ಎಣಿಸುವುದಿಲ್ಲ. ‘ಆಟಕ್ಕುಂಟು, ಲೆಕ್ಕಕ್ಕಿಲ್ಲ’ ಎಂದು ಹೇಳಿ ಓಡಾಡಲು ಬಿಡುತ್ತಾರೆ. ಈ ಮಾತಿನಲ್ಲಿ ಕರುಣೆಯೂ ಇದೆ, ಲೋಕಜ್ಞಾನವೂ ಇದೆ. ಲೆಕ್ಕದ ಭಯವಿಲ್ಲದೆ ಓಡಿದ ಮಗುವೇ ಮುಂದೊಂದು ದಿನ ಲೆಕ್ಕಕ್ಕೆ ಬರುವ ಆಟಗಾರನಾಗುವುದು. ಆದರೆ ಗಮನಿಸತಕ್ಕ ಅಂಶವೊಂದುಂಟು. ಈ ವಿನಾಯಿತಿಯನ್ನು ಮಗುವಿಗೆ ಕೊಟ್ಟವರು ಜೊತೆಯವರು. ಮಗುವು ಅದನ್ನು ಕೇಳಿಯೂ ಇರಲಿಲ್ಲ. ಪ್ರಾಯದವನೊಬ್ಬನು ತನ್ನ ಮನೆಯಲ್ಲಿ ಬಾಗಿಲು ಹಾಕಿಕೊಂಡು, ಯಾರೂ ಕಾಣದ ಹೊತ್ತಿನಲ್ಲಿ, ಅದೇ ವಿನಾಯಿತಿಯನ್ನು ತನಗೆ ತಾನೇ ಕೊಟ್ಟುಕೊಂಡರೆ ಅದನ್ನು ಏನೆಂದು ಕರೆಯಬೇಕು? ತಪ್ಪೆನ್ನಬೇಕೆ, ಅಥವಾ ಅಭ್ಯಾಸವೆಂದರೆ ಹೀಗೆಯೇ ಎಂದು ಸುಮ್ಮನಿರಬೇಕೆ?

ಪ್ರಶ್ನೆಯು ಚಿಕ್ಕದೆಂದು ತೋರಬಹುದು. ಚಿಕ್ಕ ಪ್ರಶ್ನೆಯನ್ನು ಪರೀಕ್ಷಿಸುವುದಕ್ಕೆ ಚಿಕ್ಕ ವಸ್ತುವೊಂದನ್ನೇ ತೆಗೆದುಕೊಳ್ಳುವುದು ಮೇಲು. ಅಂತಹ ಒಂದು ವಸ್ತು, ಗಾಲ್ಫ್ ಆಡುವವರು ಮನೆಯಲ್ಲಿ ಹಾಸಿಕೊಳ್ಳುವ ಅಭ್ಯಾಸದ ಚಾಪೆ. ಬೆಂಗಳೂರಿನ ಸೀಮೆಗೆ ಗಾಲ್ಫ್ ಹೊಸದಲ್ಲ. ಬೆಂಗಳೂರು ಗಾಲ್ಫ್ ಕ್ಲಬ್ಬು ಸ್ಥಾಪಿತವಾದದ್ದು 1876ರಲ್ಲಿ. ಬಹುಕಾಲ ಅದು ದೊರೆಗಳ ಆಟವೆಂದೇ ಜನರ ಬಾಯಲ್ಲಿತ್ತು. ಈಗ ದೇವನಹಳ್ಳಿ ತಾಲ್ಲೂಕಿನಲ್ಲಿಯೇ, ನಂದಿಬೆಟ್ಟದ ದಾರಿಯ ಕಾರಹಳ್ಳಿಯ ಬಳಿ, 18 ಕುಳಿಗಳ ಮೈದಾನವೊಂದಿದೆ. 2008ರಲ್ಲಿ ವಿಮಾನ ನಿಲ್ದಾಣವು ತೆರೆದ ಮೇಲೆ ಆ ಸುತ್ತಿನಲ್ಲಿ ಎದ್ದ ಮನೆಗಳಲ್ಲಿ ಗಾಲ್ಫ್ ಎಂಬುದು ಅಪರಿಚಿತ ಶಬ್ದವಾಗಿ ಉಳಿದಿಲ್ಲ.

ಈ ಆಟವನ್ನು ಕಾಣದ ವಾಚಕರಿಗೆ ಇಷ್ಟು ಹೇಳಿದರೆ ಸಾಕು. ನೂರಾರು ಗಜ ದೂರದಿಂದ ಹೊಡೆದು ತಂದ ಚೆಂಡನ್ನು ಕಡೆಯಲ್ಲಿ ನುಣ್ಣಗೆ ಕತ್ತರಿಸಿದ ಹುಲ್ಲಿನ ಮೇಲೆ ಮೆಲ್ಲನೆ ಉರುಳಿಸಿ ಕುಳಿಗೆ ಸೇರಿಸಬೇಕು. ಇದಕ್ಕೆ ಪಟ್ಟಿಂಗ್ ಎಂದು ಹೆಸರು; ಅದರ ಕೋಲು ಪಟ್ಟರ್. ಕುಳಿಯ ಅಗಲ ನಾಲ್ಕೂಕಾಲು ಅಂಗುಲ. 1891ರಿಂದ ಇದೇ ಅಳತೆ. 72 ಹೊಡೆತಗಳಲ್ಲಿ ಮುಗಿಯಬೇಕಾದ ಸುತ್ತಿನಲ್ಲಿ 36 ಹೊಡೆತಗಳನ್ನು ಈ ಮೆಲ್ಹೊಡೆತಕ್ಕೆಂದೇ ಬಿಟ್ಟಿರುತ್ತಾರೆ. ನೋಡುವವರು ಬೆರಗಾಗುವುದು ದೂರದ ಹೊಡೆತಕ್ಕೆ. ಆಟಗಾರನ ನಿದ್ದೆ ಕೆಡಿಸುವುದು ಮೂರು ಅಡಿಯ ಹೊಡೆತ. ಮನೆಯ ಚಾಪೆಯು ಹುಟ್ಟಿದ್ದು ಈ ನಿದ್ದೆಗೇಡಿನಿಂದ. ಎಂಟೊಂಬತ್ತು ಅಡಿ ಉದ್ದದ ಹಸುರು ಬಟ್ಟೆ, ಅದರ ಮೇಲೊಂದು ಬಿಳಿಯ ಗೆರೆ, ಕೊನೆಯಲ್ಲಿ ಸ್ವಲ್ಪ ಏರು, ಏರಿನ ಮೇಲೆ ಕುಳಿ. ಕುಳಿಗೆ ಬಿದ್ದ ಚೆಂಡು ಪಕ್ಕದ ಕಾಲುವೆಯಲ್ಲಿ ಉರುಳುತ್ತ ಆಟಗಾರನ ಕಾಲಬಳಿಗೆ ಹಿಂದಿರುಗುತ್ತದೆ. ವಿದ್ಯುತ್ತಿನಿಂದ ಚೆಂಡನ್ನು ಮರಳಿ ಒದೆಯುವ ಬಟ್ಟಲುಗಳೂ ಉಂಟು, ಕಣ್ಣು ಚೆಂಡಿನ ನೇರಕ್ಕೆ ಬಂದಿದೆಯೇ ಎಂದು ತೋರಿಸುವ ಕನ್ನಡಿಗಳೂ ಉಂಟು.

ಇಲ್ಲಿಯೇ ಒಬ್ಬರು ತಡೆದು ಕೇಳಬಹುದು: ಇಂತಹ ವಿಲಾಸಕ್ಕೆ ಧರ್ಮವಿಚಾರವೇತಕ್ಕೆ? ಇದೇ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ ರೈತರು ತಮ್ಮ 1777 ಎಕರೆ ಭೂಮಿಯನ್ನು ಕೈಗಾರಿಕೆಗೆಂದು ಕೊಡಲೊಲ್ಲದೆ ಮೂರು ವರ್ಷಕ್ಕೂ ಮೇಲ್ಪಟ್ಟು ಹೋರಾಡಿದರು; 2025ರ ಜುಲೈ ತಿಂಗಳಲ್ಲಿ ಸರಕಾರವು ಆ ಪ್ರಯತ್ನವನ್ನು ಕೈಬಿಟ್ಟಿತು. ನೆಲಕ್ಕಾಗಿ ಇಷ್ಟು ನೋವಿರುವ ಕಡೆ ಹುಲ್ಲಿನ ಮೇಲೆ ಚೆಂಡು ಉರುಳಿಸುವವರ ಅಂತರಂಗವನ್ನು ಶೋಧಿಸುವುದು ಶೋಭಿಸುವುದೇ? ಆಕ್ಷೇಪವು ನ್ಯಾಯವಾದದ್ದೇ. ಮೈದಾನದ ವಿಷಯದಲ್ಲಿ ಅದಕ್ಕೆ ಉತ್ತರ ಕೊಡುವುದು ಸುಲಭವಲ್ಲ. ಚಾಪೆಯ ವಿಷಯದಲ್ಲಿ ಮಾತ್ರ ಇಷ್ಟನ್ನು ಹೇಳಬಹುದು: ಅದು ಯಾರ ಹೊಲವನ್ನೂ ಕೇಳುವುದಿಲ್ಲ, ಕೊಳವೆಬಾವಿಯ ನೀರನ್ನೂ ಕುಡಿಯುವುದಿಲ್ಲ. ಮತ್ತು ಒಬ್ಬಂಟಿಯಾಗಿ ಮಾಡುವ ಅಭ್ಯಾಸದಲ್ಲಿ ಮನಸ್ಸು ಹೂಡುವ ಆಟಗಳು ವೀಣೆ ಕಲಿಯುವವನಲ್ಲಿಯೂ ಶ್ಲೋಕ ಬಾಯಿಪಾಠ ಮಾಡುವವನಲ್ಲಿಯೂ ಒಂದೇ ಬಗೆಯವು.

ಮೊದಲು ಚಾಪೆಯ ಉಪಕಾರವನ್ನು ಒಪ್ಪಿಕೊಳ್ಳಬೇಕು. ಎಂಟು ಅಡಿ ದೂರದಿಂದ ನೋಡಿದರೆ ಕುಳಿಯ ನಡುವಿನಿಂದ ಅದರ ಅಂಚಿಗೆ ಇರುವ ಅಂತರವು ಸುಮಾರು ಒಂದೂಕಾಲು ಡಿಗ್ರಿ. ಇಪ್ಪತ್ತು ಅಡಿಯಿಂದ ನೋಡಿದರೆ ಅದು ಅರ್ಧ ಡಿಗ್ರಿಗೆ ಇಳಿಯುತ್ತದೆ. ಚೆಂಡು ಹೊರಡುವ ದಿಕ್ಕು ಬಹುಪಾಲು ನಿಶ್ಚಯವಾಗುವುದು ಅದನ್ನು ಮುಟ್ಟುವ ಕ್ಷಣದಲ್ಲಿ ಪಟ್ಟರಿನ ಮುಖವು ಎತ್ತ ನೋಡುತ್ತಿತ್ತು ಎಂಬುದರಿಂದ. ಅರ್ಧ ಡಿಗ್ರಿಯ ವ್ಯತ್ಯಾಸವನ್ನು ಕಣ್ಣು ಹಿಡಿಯಲಾರದು, ಬುದ್ಧಿಯು ಆಜ್ಞಾಪಿಸಲಾರದು; ಕೈಗೆ ಮಾತ್ರ, ಸಾವಿರಾರು ಸಲ ಮಾಡಿದ ಮೇಲೆ, ಅದು ಹೇಗೋ ತಿಳಿಯುತ್ತದೆ. ಅಭ್ಯಾಸವು ದೃಢವಾಗಬೇಕಾದರೆ ಅದು ದೀರ್ಘಕಾಲ, ಎಡೆಬಿಡದೆ, ಆದರದಿಂದ ನಡೆಯಬೇಕೆಂಬುದು ಪತಂಜಲಿಯ ಯೋಗಸೂತ್ರಗಳ ಅಭಿಪ್ರಾಯ. ಮಳೆಯಿರಲಿ, ರಾತ್ರಿಯಿರಲಿ, ಊಟದ ಮೇಲಿನ ಹತ್ತು ನಿಮಿಷವಿರಲಿ, ಚಾಪೆಯು ಯಾವಾಗಲೂ ಸಿದ್ಧ. ಆದುದರಿಂದ ಮೊದಲಿನ ಎರಡನ್ನು ಅದು ಧಾರಾಳವಾಗಿ ಒದಗಿಸುತ್ತದೆ. ಮೂರನೆಯದಾದ ಆದರವನ್ನು ಒದಗಿಸುವ ಚಾಪೆಯನ್ನು ಇನ್ನೂ ಯಾರೂ ಮಾಡಿಲ್ಲ.

ಅಷ್ಟೇ ಅಲ್ಲ, ಚಾಪೆಯು ಸ್ವಲ್ಪ ಮುಖಸ್ತುತಿಗಾರ. ನಿಜವಾದ ಹುಲ್ಲಿನ ಮೇಲೆ, ಕುಳಿಯ ನಟ್ಟನಡುವಿಗೇ ಬಂದ ಚೆಂಡು ಕೂಡ ಸೆಕೆಂಡಿಗೆ ಸುಮಾರು 1.6 ಮೀಟರಿಗಿಂತ ವೇಗವಾಗಿದ್ದರೆ ಬೀಳದೆ ದಾಟಿಹೋಗುತ್ತದೆ. ಚಾಪೆಯ ಕೊನೆಯಲ್ಲಿರುವ ಏರು ಆ ವೇಗವನ್ನು ತಾನೇ ನುಂಗಿಕೊಳ್ಳುತ್ತದೆ. ಅತಿಯಾಗಿ ಹೊಡೆದವನಿಗೂ ‘ಸರಿ’ ಎನ್ನುತ್ತದೆ. ಹುಲ್ಲು ಮುಂಜಾನೆಯ ಇಬ್ಬನಿಯಲ್ಲಿ ಒಂದು ಬಗೆ, ಮಧ್ಯಾಹ್ನದ ಬಿಸಿಲಿನಲ್ಲಿ ಇನ್ನೊಂದು ಬಗೆ. ಅದರ ಓಟವನ್ನು ಅಳೆಯುವುದಕ್ಕೆಂದೇ ಎಡ್ವರ್ಡ್ ಸ್ಟಿಂಪ್ಸನ್ ಎಂಬ ಅಮೆರಿಕದ ಆಟಗಾರನು 1935ರಲ್ಲಿ ಓರೆಯಾದ ಒಂದು ದೋಣಿಯನ್ನು ಯೋಚಿಸಬೇಕಾಯಿತು. ಚಾಪೆಗೆ ಇಬ್ಬನಿಯೂ ಇಲ್ಲ, ಬಿಸಿಲೂ ಇಲ್ಲ. ನಿನ್ನೆಯ ಹೊಡೆತವೇ ಇಂದಿಗೂ ಸಾಕು.

ಇದನ್ನು ಸಂಗೀತದ ಮನೆಯ ಶ್ರುತಿಪೆಟ್ಟಿಗೆಯೊಡನೆ ಹೋಲಿಸಿದರೆ ವ್ಯತ್ಯಾಸವು ತಿಳಿಯುತ್ತದೆ. ಶ್ರುತಿಪೆಟ್ಟಿಗೆಯು ಹಾಡುವವನನ್ನು ಹೊಗಳುವುದಿಲ್ಲ, ತೆಗಳುವುದೂ ಇಲ್ಲ. ತನ್ನ ಪಾಡಿಗೆ ನುಡಿಯುತ್ತಿರುತ್ತದೆ. ಸ್ವರ ತಪ್ಪಿದವನಿಗೆ ತಾನು ತಪ್ಪಿದ್ದು ತನ್ನ ಕಿವಿಯಿಂದಲೇ ಗೊತ್ತಾಗಬೇಕು. ಇನ್ನೊಂದು ಕಡೆ ದೊಡ್ಡಬಳ್ಳಾಪುರದ ಮಗ್ಗಗಳನ್ನು ನೆನೆಯಬಹುದು. ಅಲ್ಲಿ ಜಕಾರ್ಡಿನ ತೂತು ಹೊಡೆದ ರಟ್ಟುಗಳು ಯಾವ ಎಳೆ ಏಳಬೇಕೆಂಬುದನ್ನು ತಾವೇ ನೆನಪಿಟ್ಟುಕೊಂಡಿರುವುದರಿಂದ ಸೆರಗಿನ ಬಳ್ಳಿಯನ್ನು ನೇಯ್ಗೆಯವನು ಮನಸ್ಸಿನಲ್ಲಿ ಹೊತ್ತಿರಬೇಕಾಗಿಲ್ಲ. ಇದರಲ್ಲಿ ಮೋಸವೇನೂ ಇಲ್ಲ. ಬೇಕಾದದ್ದು ಸೀರೆ, ಸೀರೆ ಬಂದಿತು. ಅಭ್ಯಾಸದಲ್ಲಿ ಬೇಕಾದದ್ದು ಸೀರೆಯಲ್ಲ, ನೇಯುವ ಕೈ. ಮನೆಯ ಚಾಪೆಯು ಶ್ರುತಿಪೆಟ್ಟಿಗೆಯಂತೆ ಇರಬಲ್ಲದು, ರಟ್ಟಿನಂತೆಯೂ ಇರಬಲ್ಲದು. ಯಾವುದಾಗಬೇಕೆಂಬುದನ್ನು ನಿರ್ಧರಿಸುವವನು ಅದರ ಮೇಲೆ ನಿಂತವನು.

ಹೇಗೆಂದರೆ, ಗೃಹಸ್ಥನೊಬ್ಬನು ರಾತ್ರಿ ನಡುಮನೆಯಲ್ಲಿ ಚಾಪೆ ಹಾಸಿ ಹತ್ತು ಚೆಂಡುಗಳನ್ನು ಹೊಡೆಯುತ್ತಾನೆಂದು ಭಾವಿಸಬಹುದು. ಮೊದಲಿನದು ಪಕ್ಕಕ್ಕೆ ಹೋಯಿತು. ಅದು ಕೈ ಸಡಿಲಗೊಳ್ಳಲೆಂದು ಹೊಡೆದದ್ದು, ಲೆಕ್ಕಕ್ಕಿಲ್ಲ. ನಾಲ್ಕನೆಯದನ್ನು ಹೊಡೆಯುವಾಗ ಅಡಿಗೆಮನೆಯಲ್ಲಿ ಪಾತ್ರೆ ಬಿದ್ದಿತು, ಅದೂ ಲೆಕ್ಕಕ್ಕಿಲ್ಲ. ಏಳನೆಯದು ಅಂಚನ್ನು ಮುಟ್ಟಿ ಹೊರಳಿತು. ನಿಜವಾದ ಕುಳಿಯಾಗಿದ್ದರೆ ಬೀಳುತ್ತಿತ್ತು ಎಂದು ಅದನ್ನು ಬಿದ್ದದ್ದರ ಕಡೆಗೇ ಸೇರಿಸಿದನು. ಕಡೆಗೆ ‘ಎಂಟಕ್ಕೆ ಎಂಟು’ ಎಂದು ತೃಪ್ತಿಯಿಂದ ಮಲಗಿದನು. ಅವನು ಯಾರಿಗೂ ಸುಳ್ಳು ಹೇಳಲಿಲ್ಲ, ಯಾರಿಗೂ ಕಾಸಿನ ನಷ್ಟವೂ ಆಗಲಿಲ್ಲ. ಆದರೂ ಅಲ್ಲಿ ಒಂದು ವಂಚನೆ ನಡೆದಿದೆ. ವಂಚಕನೂ ವಂಚಿತನೂ ಒಬ್ಬನೇ ಆದುದರಿಂದ ದೂರು ಕೊಡುವವರಿಲ್ಲ, ಅಷ್ಟೆ.

ಇದಕ್ಕೆ ಪ್ರತಿಯಾಗಿ ಬಲವಾದ ವಾದವೊಂದಿದೆ. ಅಭ್ಯಾಸದ ಸ್ಥಳವೆಂದರೆ ತಪ್ಪುಗಳಿಗೆ ಬೆಲೆ ತೆರಬೇಕಾಗಿಲ್ಲದ ಸ್ಥಳ. ಅಲ್ಲಿಯೂ ತಕ್ಕಡಿ ಹಿಡಿದು ಕುಳಿತರೆ ಕೈ ಬಿಗಿಯುತ್ತದೆ, ಮನಸ್ಸು ಕುಗ್ಗುತ್ತದೆ. ಹೆಸರಾಂತ ಆಟಗಾರರಲ್ಲಿಯೂ ಕೆಲವರಿಗೆ ಎರಡು ಅಡಿಯ ಹೊಡೆತದಲ್ಲಿ ಮಣಿಕಟ್ಟು ನಡುಗಿಬಿಡುವ ಪೀಡೆಯುಂಟು; ಜರ್ಮನಿಯ ಬರ್ನ್‌ಹಾರ್ಡ್ ಲ್ಯಾಂಗರ್ ಅವರು ಅದರೊಡನೆ ಬಹುಕಾಲ ಹೆಣಗಿದರು. ಅಂತಹ ಸ್ಥಿತಿಯಲ್ಲಿರುವವನಿಗೆ ಮನೆಯಲ್ಲಿಯೂ ಲೆಕ್ಕ ಬರೆಯೆಂದು ಹೇಳುವುದು ಗಾಯದ ಮೇಲೆ ಉಪ್ಪು ಸವರಿದಂತೆ. ಈ ವಾದದಲ್ಲಿ ಸತ್ಯವಿದೆ. ಆದರೆ ಶಿಕ್ಷೆ ಬೇಡವೆನ್ನುವುದು ಬೇರೆ, ನೋಟವೇ ಬೇಡವೆನ್ನುವುದು ಬೇರೆ. ಬೀದಿಯ ಮಕ್ಕಳು ಎಳೆಯ ಮಗುವಿಗೆ ಶಿಕ್ಷೆಯನ್ನು ಮಾತ್ರ ಬಿಟ್ಟುಕೊಡುತ್ತಾರೆ. ಅದು ಬಿದ್ದದ್ದನ್ನು ಎಲ್ಲರೂ ಕಂಡಿರುತ್ತಾರೆ, ಮಗುವೂ ಕಂಡಿರುತ್ತದೆ. ಗೃಹಸ್ಥನು ಮಾಡಿದ್ದು ಬಿದ್ದದ್ದನ್ನೇ ಕಾಣದಿರುವುದು. ಹತ್ತರಲ್ಲಿ ಏಳು ಎಂದು ನಗುತ್ತ ಹೇಳಿಕೊಂಡಿದ್ದರೆ ಅವನಿಗೆ ಏನು ಕಡಮೆಯಾಗುತ್ತಿತ್ತು?

ಬೇರೆ ಆಟಗಳಲ್ಲಿ ಈ ದೋಷವು ಮನೆಯಲ್ಲಿಯೇ ಉಳಿದೀತು. ಗಾಲ್ಫಿನಲ್ಲಿ ಅದು ಹೊಸಿಲು ದಾಟುವ ಅಪಾಯ ಹೆಚ್ಚು. ಕಾರಣವೇನೆಂದರೆ, ಈ ಆಟದಲ್ಲಿ ಆಟಗಾರನ ಬೆನ್ನ ಹಿಂದೆ ಹೆಜ್ಜೆಹೆಜ್ಜೆಗೂ ತೀರ್ಪುಗಾರನಿರುವುದಿಲ್ಲ. ಪೊದೆಯ ಮರೆಯಲ್ಲಿ ಚೆಂಡು ಅಲುಗಿದ್ದು ಎಷ್ಟೋ ಸಲ ಅವನೊಬ್ಬನಿಗೇ ಗೊತ್ತು. 1925ರಲ್ಲಿ ಅಮೆರಿಕದ ಓಪನ್ ಪಂದ್ಯದಲ್ಲಿ ಬಾಬಿ ಜೋನ್ಸ್ ಹೊಡೆಯಲು ಅಣಿಯಾದಾಗ ಚೆಂಡು ಕೊಂಚ ಕದಲಿತು. ಬೇರೆ ಯಾರೂ ಅದನ್ನು ಕಂಡಿರಲಿಲ್ಲ. ಆತನೇ ಹೇಳಿ ಒಂದು ಹೊಡೆತದ ದಂಡವನ್ನು ತನ್ನ ಮೇಲೆ ಹಾಕಿಸಿಕೊಂಡನು. ನಾಲ್ಕು ಸುತ್ತುಗಳು ಮುಗಿದಾಗ ವಿಲಿ ಮ್ಯಾಕ್‌ಫರ್ಲೇನ್ ಎಂಬುವನೊಡನೆ ಸಮನಾಗಿ, ಮರುಪಂದ್ಯದಲ್ಲಿ ಸೋತನು. ಆ ಒಂದು ದಂಡವಿಲ್ಲದಿದ್ದರೆ ಮರುಪಂದ್ಯವೇ ಇರುತ್ತಿರಲಿಲ್ಲ. ಜನರು ಕೊಂಡಾಡಿದಾಗ ಅವನಿಗೆ ಅದು ಹಿಡಿಸಲಿಲ್ಲ; ಕಳ್ಳತನ ಮಾಡಲಿಲ್ಲವೆಂದು ಯಾರನ್ನಾದರೂ ಹೊಗಳುವುದುಂಟೇ ಎಂಬುದು ಅವನ ಭಾವನೆಯಾಗಿತ್ತು. ಅವನು ಆ ದಿನ ಹುಲ್ಲಿನ ಮೇಲೆ ನಿಂತು ಹೊಸದಾಗಿ ಧರ್ಮನಿರ್ಣಯ ಮಾಡಿದನೆಂದು ತೋರುವುದಿಲ್ಲ. ಚೆಂಡು ಅಲುಗಿದರೆ ಅಲುಗಿತೆನ್ನುವುದು ಅವನಿಗೆ ಮೊದಲೇ ಅಭ್ಯಾಸವಾಗಿದ್ದಿರಬೇಕು.

ಅದೇ ಆಟದಲ್ಲಿ ಕ್ಷಮೆಗೂ ಎಡೆಯಿದೆ. ಇಬ್ಬರು ಎದುರುಬದುರಾಗಿ ಆಡುವ ಪಂದ್ಯದಲ್ಲಿ ಎದುರಾಳಿಯ ಕಿರುಹೊಡೆತವನ್ನು, ಅವನು ಹೊಡೆಯುವ ಮೊದಲೇ, ‘ಬಿದ್ದಂತೆಯೇ ಸರಿ’ ಎಂದು ಬಿಟ್ಟುಕೊಡಬಹುದು. 1969ರ ರೈಡರ್ ಕಪ್ ಪಂದ್ಯದ ಕಟ್ಟಕಡೆಯ ಕುಳಿಯಲ್ಲಿ ಅಮೆರಿಕದ ಜ್ಯಾಕ್ ನಿಕ್ಲಾಸ್ ಇಂಗ್ಲೆಂಡಿನ ಟೋನಿ ಜ್ಯಾಕ್ಲಿನ್‌ಗೆ ಹಾಗೆ ಬಿಟ್ಟುಕೊಟ್ಟದ್ದರಿಂದ ಇಡೀ ಪಂದ್ಯವು 16-16 ಸಮವಾಗಿ ಮುಗಿಯಿತು. ಅದನ್ನು ಔದಾರ್ಯವೆಂದು ಲೋಕವು ಇಂದಿಗೂ ನೆನೆಯುತ್ತದೆ. ಅದೇ ಹೊಡೆತವನ್ನು ಜ್ಯಾಕ್ಲಿನ್ ತನಗೆ ತಾನೇ ಬಿಟ್ಟುಕೊಂಡು ಚೆಂಡನ್ನು ಎತ್ತಿ ಜೇಬಿಗೆ ಹಾಕಿದ್ದರೆ ಯಾರೂ ಔದಾರ್ಯವೆನ್ನುತ್ತಿರಲಿಲ್ಲ. ದೂರ ಅಷ್ಟೇ, ಚೆಂಡು ಅದೇ, ಬಿಟ್ಟುಕೊಟ್ಟ ಕೈ ಮಾತ್ರ ಬೇರೆ. ಮನೆಯ ಚಾಪೆಯ ಮೇಲೆ ಎದುರಾಳಿಯಿಲ್ಲದ ಕಾರಣ ಅಲ್ಲಿ ಬಿಟ್ಟುಕೊಡುವವರೂ ಇಲ್ಲ.

ಹಾಗಾದರೆ ಒಬ್ಬಂಟಿಯಾದವನು ಸಾಕ್ಷಿಯನ್ನು ಎಲ್ಲಿಂದ ತರಬೇಕು? ಮಹಾಭಾರತದ ಏಕಲವ್ಯನು ಅದನ್ನು ಮಣ್ಣಿನಿಂದ ಮಾಡಿಕೊಂಡನು. ಕಾಡಿನಲ್ಲಿ ಅವನು ನಿಲ್ಲಿಸಿದ ದ್ರೋಣನ ಪ್ರತಿಮೆಯನ್ನು ಭಕ್ತಿಯ ಕುರುಹೆಂದು ಹೇಳುವುದು ವಾಡಿಕೆ. ಅಭ್ಯಾಸದ ದೃಷ್ಟಿಯಿಂದ ನೋಡಿದರೆ ಅದೂ ಒಂದು ಉಪಕರಣವೇ. ಅದು ಬಾಣ ಹಿಡಿಯುವುದನ್ನು ತೋರಿಸಲಿಲ್ಲ, ತಪ್ಪಿದಾಗ ಗದರಲಿಲ್ಲ, ಬಿಟ್ಟ ಬಾಣವನ್ನು ಹಿಂದಿರುಗಿಸಲೂ ಇಲ್ಲ. ಉಪಕರಣವೆಂಬ ನೆಲೆಯಲ್ಲಿ ಅಂಗಡಿಯ ಚಾಪೆಗಿಂತ ಬಹಳ ಕೀಳು. ಆದರೆ ಆ ಮಣ್ಣಿನ ಕಣ್ಣುಗಳ ಮುಂದೆ ಗುರಿ ತಪ್ಪಿದ ಬಾಣವನ್ನು ‘ಲೆಕ್ಕಕ್ಕಿಲ್ಲ’ ಎಂದು ಹೇಳುವುದು ಅವನಿಗೆ ಸಾಧ್ಯವಿರಲಿಲ್ಲವೆಂದು ತೋರುತ್ತದೆ. ಬೊಗಳುವ ನಾಯಿಯ ಬಾಯಿಗೆ ಏಳು ಬಾಣಗಳನ್ನು ತುಂಬಿದ ಕೌಶಲವು ಅಂತಹ ನಾಚಿಕೆಯಿಂದ ಬಂದದ್ದು. ಮುಂದೆ ನಿಜವಾದ ಗುರುವು ಬಂದು ಹೆಬ್ಬೆರಳು ಕೇಳಿದ ಅನ್ಯಾಯವು ಬೇರೆಯ ಕಥೆ. ಮಣ್ಣಿನ ಗುರುವು ಅವನಿಗೆ ದ್ರೋಹ ಬಗೆಯಲಿಲ್ಲ. ದೇವರ ಪಟವನ್ನಾಗಲಿ, ಗೋಡೆಯ ಗಡಿಯಾರವನ್ನಾಗಲಿ, ಹತ್ತರಲ್ಲಿ ಇಂತಿಷ್ಟೆಂದು ದಿನವೂ ಬರೆದಿಡುವ ಎರಡಾಣೆಯ ನೋಟುಪುಸ್ತಕವನ್ನಾಗಲಿ ಹಾಗೆ ಮಾಡಿಕೊಳ್ಳಬಹುದು. ನೋಟುಪುಸ್ತಕವೇ ಲೇಸು, ಅದರಲ್ಲಿ ಹಳೆಯ ಪುಟಗಳನ್ನು ತಿರುವಿ ನೋಡಬಹುದು.

ಮೈದಾನಕ್ಕೆ ಇಳಿದ ಮೇಲೆ ಚಾಪೆಯೂ ಇಲ್ಲ, ಗೆರೆಯೂ ಇಲ್ಲ. ಸುತ್ತು ನಡೆಯುತ್ತಿರುವಾಗ ಇಂತಹ ಅಭ್ಯಾಸದ ಸಾಧನಗಳಿಂದ ನೆರವು ಪಡೆಯುವುದನ್ನು ಆಟದ ನಿಯಮಗಳೇ ನಿಷೇಧಿಸುತ್ತವೆ. ಬೆಂಗಳೂರಿನಲ್ಲಿ ಐದನೆಯ ವಯಸ್ಸಿಗೇ ಕೋಲು ಹಿಡಿದ ಅದಿತಿ ಅಶೋಕ್ ಅವರು 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸಿಗೆ ಹೋದದ್ದು ಕೋವಿಡ್ ಜ್ವರದಿಂದ ಬಳಲಿ, ಕೈಯ ಬಲ ಕುಗ್ಗಿದ ಮೇಲೆ. ದೂರದ ಹೊಡೆತದಲ್ಲಿ ಎಷ್ಟೋ ಜನರಿಗಿಂತ ಹಿಂದಿದ್ದ ಅವರನ್ನು ನಾಲ್ಕು ದಿನವೂ ಪದಕದ ಹತ್ತಿರ ಹಿಡಿದು ನಿಲ್ಲಿಸಿದ್ದು ಮುಖ್ಯವಾಗಿ ಪಟ್ಟರ್. ಕೋಲುಚೀಲವನ್ನು ಹೊತ್ತು ಜೊತೆಯಲ್ಲಿ ನಡೆದವರು ಅವರ ತಾಯಿ. ಕೊನೆಯ ದಿನ ಕೊನೆಯ ಕುಳಿಯಲ್ಲಿ ದೂರದಿಂದ ಉರುಳಿಸಿದ ಚೆಂಡು ಅಂಚಿನ ಪಕ್ಕದಲ್ಲಿಯೇ ಸರಿದುಹೋಯಿತು. ಅದು ಬಿದ್ದಿದ್ದರೆ 268, ಬೀಳಲಿಲ್ಲವಾದ್ದರಿಂದ 269. ಬೆಳ್ಳಿಗೂ ಕಂಚಿಗೂ ಬಂದ ಇಬ್ಬರ ಲೆಕ್ಕ 268. ಅದಿತಿಯವರ ಸ್ಥಾನ ನಾಲ್ಕನೆಯದೆಂದು ಬರೆಯಲಾಯಿತು.